ಮಂಡಳಿಗೆ ಸೇರಿಸಿಕೊಂಡೆವು, ಆದರೆ ಅವರು ಮಾತಾಡುತ್ತಿಲ್ಲ

ಪ್ರಶ್ನೆ: ಅಂಗವಿಕಲರಿಗಾಗಿ ಕೆಲಸ ಮಾಡುವ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯದರ್ಶಿ ನಾನು. ಆಡಳಿತ ಮಂಡಳಿಯಲ್ಲಿ ಮೊದಲಿನಿಂದಲೂ ನಾವು ಏಳು ಜನ ಸ್ನೇಹಿತರೇ ಇದ್ದೆವು. ಎಲ್ಲ ಥರದವರೂ ಇರಲಿ ಎಂದು ಹೋದ ವರ್ಷ ಇಬ್ಬರನ್ನು ಸೇರಿಸಿಕೊಂಡೆವು. ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರು ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಇಬ್ಬರೂ ಮೀಟಿಂಗಿಗೆ ಬಂದು ಸುಮ್ನೆ ಕೂತು ಹೋಗುತ್ತಾರೆ. ಇತ್ತ ನಾವು ಹಂಚಿದ ಗಾಲಿಕುರ್ಚಿಗಳಲ್ಲಿ ಎಷ್ಟೋ ಮೂಲೆ ಸೇರಿವೆ ಅಂತ ಕೇಳಿ ಬೇಜಾರಾಗಿದೆ. ಎಲ್ಲಿ ಎಡವಿದ್ದೇವೆ?

ಉತ್ತರ: ಇವು ಎರಡು ಸಮಸ್ಯೆಯಲ್ಲ, ಒಂದೇ ಅಂತ ನನಗನ್ನಿಸುತ್ತದೆ. ಮೊದಲು ಇದನ್ನು ಹೇಳಿ: ಮೀಟಿಂಗಿನ ಕಾಗದಪತ್ರ ಅವರ ಕೈಗೆ ಯಾವಾಗ ಸಿಗುತ್ತದೆ, ಯಾವ ರೂಪದಲ್ಲಿ?

ಇಂಥದ್ದೇ ಒಂದು ಮಂಡಳಿಯಲ್ಲಿ ನಾನೂ ಕೆಲವು ವರ್ಷ ಇದ್ದೆ. ಕಣ್ಣು ಕಾಣದ ಸದಸ್ಯೆಯೊಬ್ಬರ ಮುಂದೆ, ಎಲ್ಲರಿಗೂ ಇಟ್ಟ ಹಾಗೇ, ಬಜೆಟ್ ಫೈಲ್ ಇಟ್ಟಿದ್ದರು. ಅವರು ಅದರ ಮೇಲೆ ಕೈಯಾಡಿಸಿ, ಹಾಳೆಗಳ ಅಂಚು ಸರಿಮಾಡಿ, ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಎಲ್ಲರ ಒಪ್ಪಿಗೆ ಇದೆ ಅಲ್ವಾ?" ಅಂದರು ಅಧ್ಯಕ್ಷರು. ನಡಾವಳಿಯಲ್ಲಿ "ಸರ್ವಾನುಮತದಿಂದ" ಎಂದು ಬರೆದವನು ನಾನೇ. ಆ ಪದ ಇವತ್ತಿಗೂ ಚುಚ್ಚುತ್ತದೆ.

1969ರಲ್ಲಿ ಅಮೆರಿಕದ ಷೆರಿ ಆರ್ನ್‌ಸ್ಟೀನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ನಾವೇ ಆರಿಸಿದ ಒಂದಿಬ್ಬರನ್ನು ಮಂಡಳಿಯಲ್ಲಿ ಕೂರಿಸುವುದು ಅದರಲ್ಲಿ ಕೆಳಗಿನಿಂದ ಐದನೆಯದು, ಆರ್ನ್‌ಸ್ಟೀನ್ ಅದನ್ನು ತೋರಿಕೆಯ ಲೆಕ್ಕಕ್ಕೇ ಸೇರಿಸಿದ್ದರು. ಜೊತೆಗೆ ಕೂತು ತೀರ್ಮಾನ ಮಾಡುವುದು ಶುರುವಾಗುವುದು ಆರರಿಂದ.

ಇನ್ನು ಮೂಲೆ ಸೇರಿದ ಕುರ್ಚಿಗಳು. ಕುರ್ಚಿ ಹಂಚಿದರೆ ಸಾಲದು, ಬಳಸುವವರ ಅಳತೆ ನೋಡಬೇಕು, ಕೂರಿಸಿ ಹೊಂದಿಸಬೇಕು, ಓಡಿಸಲು ಕಲಿಸಬೇಕು, ರಿಪೇರಿಗೆ ದಾರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರ ಮಾರ್ಗಸೂಚಿಯಲ್ಲೇ ಹೇಳಿದೆ. ಅಳತೆ ತಪ್ಪಿದ ಕುರ್ಚಿಯಲ್ಲಿ ದಿನವಿಡೀ ಕೂತರೆ ಒತ್ತಿ ಒತ್ತಿ ಹುಣ್ಣಾಗುತ್ತದೆ, ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಹೋದವರಿಗೆ ಅದು ಗೊತ್ತೂ ಆಗುವುದಿಲ್ಲ. ಇದನ್ನೆಲ್ಲ ದಿನಾ ಬದುಕುವವರೊಬ್ಬರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ. ಖರೀದಿಗೆ ಮುಂಚೆ ಅವರನ್ನು ಕೇಳಿದ್ರಾ?

ಹಾಗಾಗಿ ಮುಂದಿನ ಖರೀದಿಯ ಜವಾಬ್ದಾರಿ ಅವರಿಗೇ ಕೊಡಿ. ಬರೀ ಸಲಹೆ ಕೇಳುವುದಲ್ಲ, ಬೇಡ ಅನ್ನುವ ಅಧಿಕಾರವೂ ಅವರಿಗಿರಲಿ. ಇನ್ನೊಬ್ಬರಿಗೆ ಎಲ್ಲ ಕಾಗದವನ್ನೂ ಒಂದು ವಾರ ಮೊದಲೇ ಯುನಿಕೋಡ್‌ನಲ್ಲಿ (ಎಲ್ಲ ಫೋನು, ಕಂಪ್ಯೂಟರಿಗೂ ಗುರುತು ಸಿಗುವ ಅಕ್ಷರ ಸಂಕೇತದಲ್ಲಿ) ಟೈಪ್ ಮಾಡಿ ಕಳಿಸಿ, ಫೋನೇ ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿ ಕಳಿಸಬೇಡಿ, ಅದು ಬರೀ ಚಿತ್ರ, ಓದುವ ಆ್ಯಪ್‌ಗೆ ಎಷ್ಟೋ ಸಲ ಅಲ್ಲಿ ಅಕ್ಷರವೇ ಸಿಗುವುದಿಲ್ಲ. ಇಬ್ಬರ ಓಡಾಟದ ಖರ್ಚನ್ನೂ ಬಜೆಟ್‌ನಲ್ಲೇ ಬರೆಯಿರಿ. ಪ್ರತಿ ಸಲ ಕೇಳಿ ಪಡೆಯುವುದು ಯಾರಿಗಾದರೂ ಮುಜುಗರವೇ.

ವರದಿಯಲ್ಲಿ ಎಷ್ಟು ಕುರ್ಚಿ ಕೊಟ್ಟೆವು ಎಂಬುದರ ಪಕ್ಕದಲ್ಲೇ, ಆರು ತಿಂಗಳಾದ ಮೇಲೆ ಎಷ್ಟು ಓಡುತ್ತಿವೆ ಎಂದೂ ಬರೆಯಿರಿ. ಎರಡನೆಯ ಸಂಖ್ಯೆ ಚಿಕ್ಕದಿರುತ್ತದೆ, ದಾನಿಗಳಿಗೆ ತೋರಿಸಲು ಹೆದರಿಕೆಯೂ ಆಗುತ್ತದೆ. ಆದರೂ ತೋರಿಸಿ. ಆ ಲೆಕ್ಕ ತೆಗೆಯಲು ಮನೆಮನೆಗೆ ಹೋಗುವಾಗ ಹೊಸ ಸದಸ್ಯರಿಬ್ಬರೂ ಜೊತೆಗಿರಲಿ.