ಟೆಕ್ಸಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ: ಬೈನರಿ ಟ್ರಿಗರ್ ಒಯ್ಯಬಹುದೇ?

ಮಿತ್ರರೇ, ಕೆಲಸದ ನಿಮಿತ್ತ ಟೆಕ್ಸಸ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿರುವ ನೀವು, ನಿಮ್ಮ ಎಆರ್-15 ರೈಫಲ್ಲನ್ನೂ ಅದರ ಬೈನರಿ ಟ್ರಿಗರನ್ನೂ (ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು ಗುಂಡು ಹಾರಿಸುವ ಟ್ರಿಗರ್) ಜೊತೆಗೆ ಒಯ್ಯಬಹುದೇ, ಅಮೆರಿಕದ ಕೇಂದ್ರ ಸರ್ಕಾರವೇ ಟ್ರಿಗರ್‌ಗಳ ಮೇಲಿನ ಬಿಗಿ ಸಡಿಲಿಸಿದ ಮೇಲೆ ಭಯವೇಕೆ ಎಂದು ಕೇಳಿದ್ದೀರಿ. ಬೈನರಿ ಟ್ರಿಗರನ್ನು ಖಂಡಿತ ಒಯ್ಯಬೇಡಿ. ರೈಫಲ್ ವಿಷಯವನ್ನು ಮುಂದೆ ಹೇಳುತ್ತೇನೆ.

ಒಂದು ಸಲ ಟ್ರಿಗರ್ ಕೆಲಸ ಮಾಡಿದಾಗ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮೆಷಿನ್ ಗನ್ ಎಂಬುದು 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಿಂದ ಬಂದಿರುವ ಕೇಂದ್ರದ ವ್ಯಾಖ್ಯಾನ. ಸರ್ವೋಚ್ಚ ನ್ಯಾಯಾಲಯವು 2024ರ ಜೂನ್ 14ರಂದು ಕಾರ್ಗಿಲ್ ಪ್ರಕರಣದಲ್ಲಿ ಬಂಪ್ ಸ್ಟಾಕ್ (ಬಂದೂಕು ಹಿಂದೊದೆಯುವ ಬಲದಿಂದಲೇ ಬೇಗಬೇಗನೆ ಗುಂಡು ಹಾರಿಸಲು ನೆರವಾಗುವ ಹಿಂಬದಿಯ ಭಾಗ) ಮೇಲಿನ ನಿಷೇಧವನ್ನು 6-3 ಬಹುಮತದಿಂದ ರದ್ದುಪಡಿಸಿದ್ದು ಇದೇ ವ್ಯಾಖ್ಯಾನದ ಆಧಾರದ ಮೇಲೆ. ಗುಂಡು ಹಾರಿದ ಕೂಡಲೇ ತಾನಾಗಿ ಮೊದಲಿನ ಸ್ಥಾನಕ್ಕೆ ತಳ್ಳಲ್ಪಡುವ ಫೋರ್ಸ್ಡ್ ರೀಸೆಟ್ ಟ್ರಿಗರ್ ಕುರಿತು 2025ರ ಮೇ ತಿಂಗಳಲ್ಲಿ ಕೇಂದ್ರದ ನ್ಯಾಯ ಇಲಾಖೆಯು ಅದನ್ನು ತಯಾರಿಸುವ ರೇರ್ ಬ್ರೀಡ್ ಕಂಪನಿಯೊಂದಿಗೆ ಮಾಡಿಕೊಂಡ ರಾಜಿಯೂ ಅದೇ ಜಾಡಿನದು. ಆದರೆ ಈ ಎರಡೂ ನಿರ್ಣಯಿಸಿದ್ದು ಆ ಸಾಧನಗಳು ಕೇಂದ್ರ ಕಾನೂನಿನ ಪ್ರಕಾರ ಮೆಷಿನ್ ಗನ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ. ರಾಜ್ಯಗಳು ತಮ್ಮದೇ ಮಾತುಗಳಲ್ಲಿ ಬರೆದುಕೊಂಡಿರುವ ನಿಷೇಧಗಳನ್ನು ಅವು ಮುಟ್ಟಿಲ್ಲ.

ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ, ಹೋಗುವ ರಾಜ್ಯದ ವ್ಯಾಖ್ಯಾನವನ್ನು ಓದಬೇಕು. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 16930ನೆಯ ವಿಧಿಯು 'ಮಲ್ಟಿಬರ್ಸ್ಟ್ ಟ್ರಿಗರ್ ಆಕ್ಟಿವೇಟರ್' ಎಂಬುದನ್ನು ವಿವರಿಸುತ್ತದೆ: ಸೆಮಿ ಆಟೋಮ್ಯಾಟಿಕ್ ಬಂದೂಕಿಗೆ (ಒಂದು ಎಳೆತಕ್ಕೆ ಒಂದೇ ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದ್ದಕ್ಕೆ) ಜೋಡಿಸಿದಾಗ ಎರಡು ಅಥವಾ ಹೆಚ್ಚು ಗುಂಡುಗಳನ್ನು ಒಂದರ ಹಿಂದೊಂದು ಸರಣಿಯಾಗಿ ಹಾರಿಸುವ, ಅಥವಾ ಟ್ರಿಗರನ್ನು ಚಾಲಿಸಿ ಹಾರುವ ವೇಗವನ್ನು ಹೆಚ್ಚಿಸುವ ಸಾಧನ. ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು ಗುಂಡು ಹಾರಿಸುವ ನಿಮ್ಮ ಟ್ರಿಗರ್ ಇದರ ಹೊರಗೆ ನಿಲ್ಲುತ್ತದೆ ಎಂದು ವಾದಿಸುವ ಸಾಹಸ ಬೇಡ. 32900ನೆಯ ವಿಧಿಯ ಪ್ರಕಾರ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾದ್ದರಿಂದ, ಬಿಚ್ಚಿ ಬೇರೆ ಡಬ್ಬಿಯಲ್ಲಿ ಒಯ್ದರೂ ರಕ್ಷಣೆಯಿಲ್ಲ. ಹೊರಡುವ ಮೊದಲೇ ಟೆಕ್ಸಸ್‌ನಲ್ಲಿ ಅದನ್ನು ಮಾರಿ, ಮಾಮೂಲಿ ಟ್ರಿಗರ್ ಹಾಕಿಸಿ, ಎರಡರ ರಸೀದಿಯನ್ನೂ ಜೋಪಾನ ಮಾಡಿ.

ಇದು ಕ್ಯಾಲಿಫೋರ್ನಿಯಾ ಒಂದರ ಹಟವೆಂದು ಭಾವಿಸಬೇಡಿ. ಬಂದೂಕಿನ ವಿಷಯದಲ್ಲಿ ಉದಾರವೆಂದು ಹೆಸರಾದ ಫ್ಲಾರಿಡಾ ಕೂಡ 2018ರಲ್ಲಿ ಗುಂಡಿನ ವೇಗ ಹೆಚ್ಚಿಸುವ ಕಿಟ್, ಉಪಕರಣ, ಸಾಧನಗಳನ್ನೆಲ್ಲ ಒಳಗೊಳ್ಳುವಷ್ಟು ವಿಶಾಲವಾದ ಮಾತುಗಳಲ್ಲಿ ಬಂಪ್ ಸ್ಟಾಕ್ ನಿಷೇಧವನ್ನು ಬರೆಯಿತು. ಮಿನೆಸೋಟಾದಲ್ಲಿ 2025ರ ಜನವರಿ 1ರಿಂದ ಬೈನರಿ ಟ್ರಿಗರ್ ನಿಷೇಧ ಜಾರಿಗೆ ಬಂತು; ಅದೇ ವರ್ಷದ ಆಗಸ್ಟ್‌ನಲ್ಲಿ, ಒಂದು ಮಸೂದೆಯಲ್ಲಿ ಒಂದೇ ವಿಷಯವಿರಬೇಕೆಂಬ ರಾಜ್ಯ ಸಂವಿಧಾನದ ನಿಯಮ ಮುರಿದಿದೆ ಎಂದು ಜಿಲ್ಲಾ ನ್ಯಾಯಾಧೀಶರೊಬ್ಬರು ಅದನ್ನು ತಳ್ಳಿಹಾಕಿದರು. ಹೀಗಾಗಿ ವರ್ಷದ ಹಿಂದೆ ಓದಿದ್ದನ್ನು ನೆಚ್ಚಬಾರದು.

ನಿಮ್ಮ ಬಳಿ ಇನ್ನೊಂದು ರೈಫಲ್ ಇದೆ, ಅದರಲ್ಲಿ ಗುರಿ ಸ್ಪರ್ಧೆಗೆ ಬಳಸುವ ಎರಡು ಹಂತದ ಮ್ಯಾಚ್ ಟ್ರಿಗರ್ ಇದೆ ಎಂದಿದ್ದೀರಿ. ಅದು ಬೇರೆ ಜಾತಿಯದು. ಅದು ಎಳೆತವನ್ನು ಹಗುರ ಮಾಡುತ್ತದೆಯೇ ಹೊರತು ಒಂದು ಎಳೆತಕ್ಕೆ ಒಂದೇ ಗುಂಡು ಎಂಬುದನ್ನು ಬದಲಿಸುವುದಿಲ್ಲ. ಸಿಎಂಪಿ ಎಂಬ ಗುರಿಗಾರಿಕೆ ಸಂಸ್ಥೆಯ ಸರ್ವಿಸ್ ರೈಫಲ್ (ಸೇನಾ ಮಾದರಿಯ ರೈಫಲ್) ಸ್ಪರ್ಧೆಗಳಿಗೆ ಹೋಗುವವರಾದರೆ ಎಳೆತ ನಾಲ್ಕೂವರೆ ಪೌಂಡಿಗಿಂತ ಕಡಿಮೆಯಾಗದಂತೆ ನೋಡಿಕೊಂಡರಾಯಿತು. ಆದರೆ ಟ್ರಿಗರಿನ ಒಳಭಾಗಗಳಾದ ಸೀಯರ್ (ತಡೆಹಿಡಿಯುವ ಕೊಕ್ಕೆ), ಹ್ಯಾಮರ್‌ (ಬಡಿಯುವ ಸುತ್ತಿಗೆ) ಗಳನ್ನು ಮನೆಯಲ್ಲಿ ಅರದಿಂದ ಉಜ್ಜಬೇಡಿ. ಹಿಡಿತದ ಅಂಚು ಸವೆದರೆ ಒಂದು ಎಳೆತಕ್ಕೆ ಎರಡು ಗುಂಡು ಹಾರಬಹುದು. ವಿಸ್ಕಾನ್ಸಿನ್‌ನ ಓಲೋಫ್ಸನ್ ಎಂಬವರು ಬೇರೆಯವರಿಗೆ ಕೊಟ್ಟಿದ್ದ ಎಆರ್-15 ಒಂದೇ ಎಳೆತಕ್ಕೆ ಕೆಲವು ಗುಂಡು ಹಾರಿಸಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದು ಕೆಟ್ಟುಹೋದ ಬಂದೂಕು ಎಂಬ ಅವರ ವಾದವನ್ನು ತೀರ್ಪುಗಾರರು ಒಪ್ಪದೆ, ಮೆಷಿನ್ ಗನ್ ಹಸ್ತಾಂತರಿಸಿದ ಅಪರಾಧಕ್ಕೆ ಅವರಿಗೆ 2008ರಲ್ಲಿ ಮೂವತ್ತು ತಿಂಗಳ ಸೆರೆವಾಸವಾಯಿತು. ರೇಂಜಿನಲ್ಲಿ ಒಮ್ಮೆ ಜೋಡಿ ಗುಂಡು ಹಾರಿದರೂ ಅಲ್ಲಿಯೇ ನಿಲ್ಲಿಸಿ ಪರಿಣತ ಗನ್‌ಸ್ಮಿತ್‌ಗೆ ಒಪ್ಪಿಸಿ.

ಈಗ ಎಆರ್-15ಕ್ಕೆ ಬರೋಣ. ಕಳಚಬಹುದಾದ ಮ್ಯಾಗಜಿನ್ ಜೊತೆಗೆ ಪಿಸ್ತೂಲ್ ಹಿಡಿಯಂತಹ ಒಂದು ಲಕ್ಷಣವಿದ್ದರೂ ಸೆಂಟರ್‌ಫೈರ್ (ತೋಟೆಯ ತಳದ ನಡುಭಾಗಕ್ಕೆ ಬಡಿದು ಸಿಡಿಸುವ) ಸೆಮಿ ಆಟೋಮ್ಯಾಟಿಕ್ ರೈಫಲ್ ಕ್ಯಾಲಿಫೋರ್ನಿಯಾದಲ್ಲಿ 'ಅಸಾಲ್ಟ್ ವೆಪನ್' ಎನಿಸುತ್ತದೆ, ಕೆಲವು ಮಾದರಿಗಳು ಹೆಸರಿನಿಂದಲೇ ನಿಷಿದ್ಧ. ಅಂಥದ್ದನ್ನು ರಾಜ್ಯದೊಳಗೆ ತರುವುದೇ ಅಪರಾಧ. ಗುಂಡು ತುಂಬದೆ, ಬೀಗ ಹಾಕಿ, ಕೈಗೆಟುಕದಂತೆ ಸಾಗಿಸಿದರೆ ಕೇಂದ್ರ ಕಾನೂನು ದಾರಿಯಲ್ಲಿ ರಕ್ಷಣೆ ಕೊಡುತ್ತದೆಂದು ಕೆಲವರು ಹೇಳುತ್ತಾರೆ. ತಲುಪುವ ಸ್ಥಳದಲ್ಲೂ ಅದು ಕಾನೂನುಬದ್ಧವಾಗಿದ್ದರೆ ಮಾತ್ರ ಆ ಮಾತು ನಿಜ. ಹೊರಡುವ ಮುಂಚೆಯೇ ಅಲ್ಲಿನ ಬಂದೂಕು ಕಾನೂನು ಬಲ್ಲ ವಕೀಲರಿಗೆ ರೈಫಲ್ಲಿನ ಚಿತ್ರ, ಮಾದರಿ ಸಂಖ್ಯೆ ತೋರಿಸಿ. ಒಯ್ಯಲು ಅಡ್ಡಿಯಿಲ್ಲದ ಬಂದೂಕುಗಳ ವಿವರವನ್ನು ಅಲ್ಲಿ ನೆಲೆಸಿದ 60 ದಿನಗಳೊಳಗೆ ರಾಜ್ಯದ ನ್ಯಾಯ ಇಲಾಖೆಗೆ ಸಲ್ಲಿಸಬೇಕು.

ನಮ್ಮಂಥ ವಲಸಿಗರಿಗೆ ಇನ್ನೂ ಒಂದು ಆತಂಕವಿದೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಮಗೆ ಗ್ರೀನ್ ಕಾರ್ಡ್ ಇದ್ದರೂ, ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಅದು ಗಡೀಪಾರಿಗೆ ಕಾರಣವಾಗಬಹುದು. ಇಲ್ಲಿಯೇ ಹುಟ್ಟಿದವನು ಕಟ್ಟುವುದು ದಂಡವಾದರೆ ನಾವು ತೆರುವುದು ಬದುಕನ್ನೇ. ನಿಮ್ಮೊಂದಿಗೆ ಇರಲು ಬರುವ ನಿಮ್ಮ ತಮ್ಮ ಎಚ್-1ಬಿ ವೀಸಾದಲ್ಲಿದ್ದಾರೆ ಎಂದಿದ್ದೀರಿ. ಊರ್ಜಿತ ಬೇಟೆ ಪರವಾನಗಿಯಂತಹ ಕೆಲವು ವಿನಾಯಿತಿಗಳಿಲ್ಲದೆ ಆ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಬಂದೂಕು ಇಡುವ ಕಪಾಟಿನ ಬೀಗದ ಕೈಯಾಗಲಿ ಅದರ ಗುಪ್ತಸಂಖ್ಯೆಯಾಗಲಿ ಅವರ ಬಳಿ ಇರದಂತೆ ಮೊದಲ ದಿನದಿಂದಲೇ ವ್ಯವಸ್ಥೆ ಮಾಡಿಕೊಳ್ಳಿ.