ಯಾವ ತಿಂಗಳ ಆದಾಯ?

(ಹೊಸನಗರ ತಾಲ್ಲೂಕಿನಿಂದ ಅರ್ಥಶಾಸ್ತ್ರದ ಉಪನ್ಯಾಸಕಿಯೊಬ್ಬರು ಬರೆದ ಪತ್ರದ ಸಾರ: ‘ಮಲೆನಾಡಿನ ಬುಡಕಟ್ಟಾದ ಹಸಲರ ಕುರಿತ ನಿಮ್ಮ ಲೇಖನದಲ್ಲಿ ಒಂದು ಕುಟುಂಬದ ಸರಾಸರಿ ತಿಂಗಳ ಆದಾಯವನ್ನೂ ಕೊಟ್ಟಿಲ್ಲ. ಅಂಕಿ ಇಲ್ಲದ ಬರಹದಿಂದ ಏನು ಪ್ರಯೋಜನ? ಬೇಸಿಗೆ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ಬುಡಕಟ್ಟು ಮನೆಗಳ ಆರ್ಥಿಕ ಸಮೀಕ್ಷೆಗೆ ಹೊರಟಿದ್ದಾರೆ. ನಮೂನೆ ಹೇಗಿರಬೇಕು, ತಿಳಿಸಿ.’)

ಮಾನ್ಯರೇ,

ಲೇಖಕರು ಆ ಅಂಕಿಯನ್ನು ಕೊಟ್ಟಿದ್ದರು. ಅಚ್ಚಿಗೆ ಹೋಗುವ ಮುನ್ನ ತೆಗೆದವನು ನಾನು. ಕಾರಣ ಹೇಳುವ ಹೊಣೆಯೂ ನನ್ನದೇ.

ಓದು ಮುಗಿಸಿದ ಹೊಸದರಲ್ಲಿ ನಾನೂ ಇಂಥದೇ ನಮೂನೆ ಹಿಡಿದು ತೀರ್ಥಹಳ್ಳಿ ಕಡೆಯ ಹಸಲರ ಕೇರಿಯೊಂದಕ್ಕೆ ಹೋಗಿದ್ದೆ. ಅಡಿಕೆ ಸುಗ್ಗಿಯ ಕಾಲ. ಮನೆಯಾಕೆ ತೋಟದ ಒಡೆಯರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ತಿಂಗಳಿಗೆ ಆದಾಯ ಎಷ್ಟು ಎಂದು ಕೇಳಿದೆ. ಸುಲಿಯುವ ಕೈ ನಿಲ್ಲಲಿಲ್ಲ, ‘ಯಾವ ತಿಂಗಳಿಗೆ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಸುಲಿದ ತೂಕ ಕೇಳಿ, ಕೂಲಿಯನ್ನು ಮೂವತ್ತರಿಂದ ಗುಣಿಸಿ ಬರೆದುಕೊಂಡು ಬಂದೆ. ಸುಲಿಯುವ ಕೆಲಸ ಸುಗ್ಗಿಗೆ ಮುಗಿಯುತ್ತದೆ, ಬಂದ ಕೂಲಿಯಲ್ಲೂ ಒಂದು ಪಾಲು ಹಿಂದಿನ ಮಳೆಗಾಲದ ಮುಂಗಡಕ್ಕೆ ವಜಾ ಆಗುತ್ತದೆ ಎಂದು ತಿಳಿದದ್ದು ಆಮೇಲೆ. ನಾನು ಬರೆದ ಸುಳ್ಳು ಲೆಕ್ಕ ಯಾವುದೋ ವರದಿಯ ಸರಾಸರಿಯೊಳಗೆ ಸೇರಿಹೋಗಿದೆ. ಅದನ್ನು ನೆನೆದಾಗಲೆಲ್ಲ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆದ್ದರಿಂದ ‘ತಿಂಗಳ ಆದಾಯ’ ಎಂಬ ಸಾಲನ್ನು ನಮೂನೆಯಿಂದ ತೆಗೆದುಬಿಡಿ. ಆರಿದ್ರಾ ಮಳೆಯಲ್ಲಿ ಒಲೆ ಹೇಗೆ ಉರಿಯಿತು, ದೀಪಾವಳಿಯ ಹೊತ್ತಿಗೆ ಕೈಯಲ್ಲಿ ಏನಿತ್ತು, ಸುಗ್ಗಿಯಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು ಎಂದು ಕೇಳಿ. ನೆನಪು ಬಿಚ್ಚಿಕೊಳ್ಳುವುದು ಹಾಗೆ. ಹುಳಿ ಸಿಪ್ಪೆಗಾಗಿ ಕಾಡಿನಲ್ಲಿ ಕೊಯ್ಯುವ ಉಪ್ಪಾಗೆ ಹಣ್ಣನ್ನೇ ನೋಡಿ. ಅದು ಬಲಿಯುವುದು ಬಿಸಿಲೇ ಕಾಣದ ಮಳೆಗಾಲದಲ್ಲಿ. ಮರ ಹತ್ತಿ ಕೊಯ್ದು, ಬೀಜ ಬಿಡಿಸಿ, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಹಗಲಿರುಳು ಬೆಂಕಿ ಕಾಯಬೇಕು. ಹೊಗೆ ಕುಡಿಯುತ್ತ ಒಲೆಗೆ ಸೌದೆ ತಳ್ಳುವವರು ಮನೆಯ ಹೆಂಗಸರು. ವ್ಯಾಪಾರಿ ದುಡ್ಡು ಕೊಡುವುದು ಒಣಗಿದ ಸಿಪ್ಪೆಯ ತೂಕಕ್ಕೆ ಮಾತ್ರ; ಸೌದೆಗೂ ನಿದ್ದೆಗೆಟ್ಟ ರಾತ್ರಿಗಳಿಗೂ ಬೆಲೆಯಿಲ್ಲ. ‘ಕಿರು ಅರಣ್ಯ ಉತ್ಪನ್ನ: ಹೌದು/ಇಲ್ಲ’ ಎಂಬ ಚೌಕದಲ್ಲಿ ಇದೆಲ್ಲ ಎಲ್ಲಿ ಹಿಡಿಸುತ್ತದೆ?

ಕೊಳ್ಳದೆ ತಿಂದದ್ದನ್ನೂ ಬರೆದುಕೊಳ್ಳಿ. ಕೇಂದ್ರ ಸರ್ಕಾರದ ಮನೆವಾರು ಖರ್ಚಿನ ಸಮೀಕ್ಷೆಯೂ ಪುಕ್ಕಟೆ ಆಯ್ದು ತಂದ ಆಹಾರಕ್ಕೆ ಸ್ಥಳೀಯ ಬೆಲೆ ಕಟ್ಟಿ ಸೇರಿಸಿಕೊಳ್ಳುತ್ತದೆ. ಇದು ಒಳ್ಳೆಯ ಪದ್ಧತಿ. ಆದರೆ 2022-23ರ ಸುತ್ತಿನಲ್ಲಿ ತರಕಾರಿ, ಮೀನು, ಮಾಂಸದ ಪ್ರಶ್ನೆ ಕೇಳಿದ್ದು ಹಿಂದಿನ 7 ದಿನಗಳಿಗೆ. ಬೇಸಿಗೆ ರಜೆಯಲ್ಲಿ ಹೋದವರು ಅದೇ ಪ್ರಶ್ನೆ ಕೇಳಿದರೆ ಕಳಲೆಯೂ ಇಲ್ಲ, ಅಣಬೆಯೂ ಇಲ್ಲ, ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಮೀನೂ ಇಲ್ಲ. ಅಂಗಡಿಯಲ್ಲಿ ಅಕ್ಕಿಯ ಸಾಲ ಏರದಂತೆ ತಡೆಯುವ ಆಹಾರವೇ ಲೆಕ್ಕದಿಂದ ಹೊರಗುಳಿಯುತ್ತದೆ.

ಆ ಸಮೀಕ್ಷೆಯ ಪ್ರಕಾರ ಒಂದೇ ಅಡುಗೆಯಲ್ಲಿ ಉಂಡು ಒಟ್ಟಿಗೆ ವಾಸಿಸುವವರು ಒಂದು ಕುಟುಂಬ. ಶಿವಮೊಗ್ಗ ಬಳಿಯ ಹಕ್ಕಿಪಿಕ್ಕಿ ಬುಡಕಟ್ಟಿನವರ ಬಿಡಾರಕ್ಕೆ ಹೋದರೆ ಈ ಅಳತೆ ಸಾಲದು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಹೊತ್ತು ಅವರು ಆಫ್ರಿಕಾದವರೆಗೆ ವ್ಯಾಪಾರಕ್ಕೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಲುಕಿದವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ತಿಂಗಳುಗಟ್ಟಲೆ ಮನೆಯಲ್ಲಿ ಉಣ್ಣದವರ ದುಡಿಮೆ ಯಾವ ಒಲೆಯದು, ಪ್ರಯಾಣಕ್ಕೆ ತೆಗೆದ ಸಾಲ ಯಾರದು? ಅವರಿಗೆ ಬೇರೆ ಹಾಳೆಯೇ ಬೇಕು.

ಇನ್ನು ಹೆದರಿಕೆ. ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಿತೆಂದು ಬರೆದರೆ ಬಿಪಿಎಲ್ ಕಾರ್ಡ್ ಹೋದೀತು ಎಂಬ ಅಂಜಿಕೆಯಲ್ಲಿ ಜನ ಉತ್ತರಿಸುತ್ತಾರೆ. ಕಾಡಿನ ಮಾತೆತ್ತಿದರೆ ಬಾಯಿ ಇನ್ನೂ ಬಿಗಿ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನವನ್ನು ಸಂಗ್ರಹಿಸುವ, ಮಾರುವ ಹಕ್ಕನ್ನು ಕೊಟ್ಟಿದ್ದರೂ ಹಳೆಯ ಭಯ ಹೋಗಿಲ್ಲ. ನಿಮ್ಮ ಮಕ್ಕಳು ಮೊದಲ ದಿನ ಹಾಳೆ ತೆಗೆಯುವುದೇ ಬೇಡ. ಹೆಸರು ಬರೆಯುವುದೂ ಬೇಡ. ಮನೆಗೊಂದು ಸಂಖ್ಯೆ ಸಾಕು. ಸಾಲದ ಪ್ರಶ್ನೆ ಕೊನೆಗಿರಲಿ, ಮತ್ತು ಅದನ್ನು ಹೆಂಗಸರನ್ನೇ ಕೇಳಿ. ಸಂಘದ ವಾರದ ಕಂತಿಗೆ ದುಡ್ಡು ಹೊಂದಿಸುವವರು ಅವರೇ.

ಬೇಸಿಗೆಯ ಸುತ್ತು ಆಗಲಿ, ಬೇಡ ಎನ್ನುವುದಿಲ್ಲ. ಆಷಾಢದಲ್ಲಿ ಅದೇ ಮನೆಗಳಿಗೆ ಇನ್ನೊಮ್ಮೆ ಹೋಗಿ, ಮೊದಲು ಬರೆದದ್ದನ್ನು ಅವರ ಮುಂದೆ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿಸಿಕೊಳ್ಳಿ. ನಾನು ಆ ಕೇರಿಗೆ ಹಾಗೆ ಮರಳಿ ಹೋಗಲಿಲ್ಲ. ಎರಡೂ ಸುತ್ತಿನ ಅಂಕಿ ಒಟ್ಟಿಗೆ ಕಳಿಸಿದರೆ ಪೂರ್ತಿ ಕೋಷ್ಟಕ ಸಹಿತ ಪ್ರಕಟಿಸುತ್ತೇವೆ. ಮಳೆಗಾಲದ ಸುತ್ತಿಗೆ ಹೊರಡುವ ಮಕ್ಕಳ ಕೈಯಲ್ಲಿ ಇಂಬಳಕ್ಕೆ (ಜಿಗಣೆಗೆ) ಸುಣ್ಣ-ಹೊಗೆಸೊಪ್ಪು, ಹಾಳೆಗೆ ಪ್ಲಾಸ್ಟಿಕ್ ಚೀಲ ಇರಲಿ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ನೆನೆದರೂ ಅಕ್ಷರ ಕಲೆಸುವುದಿಲ್ಲ.

– ಸಂಪಾದಕ