ಗಾಲ್ಫ್ ಕ್ಲಬ್ ಹಿಡಿಯುವ ಸರಿಯಾದ ಕ್ರಮ ಯಾವುದು? ನಾನು ಹೊಡೆದ ಚೆಂಡು ಬಲಕ್ಕೇ ತಿರುಗುತ್ತದೆ

ಮೊದಲು ಎಡಗೈ ನೋಡಿಕೊಳ್ಳಿ (ನೀವು ಬಲಗೈ ಆಟಗಾರರೆಂದುಕೊಂಡು ಹೇಳುತ್ತಿದ್ದೇನೆ). ಹೊಸಬರು ಸಾಮಾನ್ಯವಾಗಿ ಹಿಡಿಕೆಯನ್ನು ಅಂಗೈ ನಡುವೆ ಇಟ್ಟು ಮುಷ್ಟಿ ಕಟ್ಟಿಬಿಡುತ್ತಾರೆ. ಆಗ ಮಣಿಕಟ್ಟು ಸಲೀಸಾಗಿ ಮಡಚುವುದೇ ಇಲ್ಲ. ಹಿಡಿಕೆ ಬೆರಳುಗಳಲ್ಲಿ ಕೂರಬೇಕು: ತೋರುಬೆರಳಿನ ನಡುವಿನಿಂದ ಕಿರುಬೆರಳಿನ ಬುಡಕ್ಕೆ ಓರೆಯಾಗಿ. ಅಂಗೈಯ ದಪ್ಪ ಭಾಗ ಅದರ ಮೇಲೆ ಬರಲಿ, ಹೆಬ್ಬೆರಳು ಹಿಡಿಕೆಯ ನಡುವಿನಿಂದ ತುಸು ಬಲಕ್ಕಿರಲಿ. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣಾದರೂ ಕಾಣಬೇಕು. ಒಂದೇ ಕಂಡರೆ ಕ್ಲಬ್ಬಿನ ಮುಖ ತೆರೆದುಕೊಂಡು, ಅಂದರೆ ಬಲಕ್ಕೆ ತಿರುಗಿ, ಚೆಂಡಿಗೆ ತಾಗುವ ಸಂಭವ ಹೆಚ್ಚು. ಚೆಂಡು ಬಲಕ್ಕೆ ಹೋಗುವುದು ಬಹುಪಾಲು ಅದಕ್ಕೇ.

ಬಲ ಅಂಗೈ ಎಡ ಹೆಬ್ಬೆರಳನ್ನು ಮುಚ್ಚಲಿ. ಬಲ ಕಿರುಬೆರಳನ್ನು ಎಡಗೈಯ ತೋರುಬೆರಳು, ನಡುಬೆರಳಿನ ಸಂದಿಯ ಮೇಲೆ ಕೂರಿಸಿದರೆ ಅದು ವಾರ್ಡನ್ ಗ್ರಿಪ್. ಬ್ರಿಟಿಷ್ ಓಪನ್ ಅನ್ನು 6 ಸಲ ಗೆದ್ದ ಹ್ಯಾರಿ ವಾರ್ಡನ್ ಅದನ್ನು ಜನಪ್ರಿಯಗೊಳಿಸಿದವರು. ಕೈ ಚಿಕ್ಕದಿದ್ದರೆ ಬಲ ಕಿರುಬೆರಳನ್ನೂ ಎಡ ತೋರುಬೆರಳನ್ನೂ ಹೆಣೆದುಕೊಳ್ಳಿ. ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹಿಡಿದದ್ದೂ ಹಾಗೆಯೇ.

ಬಿಗಿ ಮಾತ್ರ ಬೇಡ. ಮುಂಗೈ ನರ ಉಬ್ಬಿತೆಂದರೆ ಸಡಿಲಿಸಿ. ಕೆಲವು ದಿನ ಚೆಂಡಿನ ಗೊಡವೆಯಿಲ್ಲದೆ, ಮನೆಯಲ್ಲೇ ಕ್ಲಬ್ಬನ್ನು ಮತ್ತೆ ಮತ್ತೆ ಹಿಡಿದು, ಬಿಟ್ಟು ರೂಢಿ ಮಾಡಿಕೊಳ್ಳಿ.